ಕೊಡಗಿಗೆ ಹದಿನೈದು ಬೈಟ್

ಕೊಡಗು ಎಂಬ ಹೆಸರನ್ನು ಗಣಕದ ಸ್ಮೃತಿಯಲ್ಲಿ ಇಡಲು ಎಷ್ಟು ಜಾಗ ಬೇಕು? ಬ್ರಿಟಿಷರು ಬಳಸಿದ ‘ಕೂರ್ಗ್’ ಎಂಬ ರೂಪವನ್ನು ರೋಮನ್ ಅಕ್ಷರಗಳಲ್ಲಿ ಬರೆದರೆ 5 ಬೈಟ್ ಸಾಕು. ಅದನ್ನೇ ಕನ್ನಡದಲ್ಲಿ ‘ಕೊಡಗು’ ಎಂದು ಬರೆದರೆ, ಇಂದು ಜಗತ್ತೆಲ್ಲ ಬಳಸುವ ಯುಟಿಎಫ್-8 ಪದ್ಧತಿಯಲ್ಲಿ, 15 ಬೈಟ್ ಬೇಕು. ಕ, ಅದರ ಒತ್ವ, ಡ, ಗ, ಅದರ ಕೊಂಬು - ಹೀಗೆ ಐದು ಸಂಕೇತಗಳು, ಒಂದೊಂದಕ್ಕೂ ಮೂರು ಬೈಟ್. ಅಂದರೆ ಒಂದೇ ಬೀದಿಯಲ್ಲಿ ಪಕ್ಕದ ಮನೆಯವನಿಗಿಂತ ಮೂರು ಪಟ್ಟು ಬಾಡಿಗೆ ಕೊಟ್ಟಂತೆ!

ಈ ಬಾಡಿಗೆಯನ್ನು ನಿಗದಿ ಮಾಡಿದವರು ಯಾರು? ಉತ್ತರ ಹುಡುಕಹೊರಟರೆ ಪ್ರೋಗ್ರಾಮರುಗಳ ಮೂವತ್ತೈದು ವರ್ಷಗಳ ಜಗಳವೊಂದು ಬಿಚ್ಚಿಕೊಳ್ಳುತ್ತದೆ.

ಒಂದು ಬೈಟಿನಲ್ಲಿ 256 ಬೇರೆ ಬೇರೆ ಸಂಖ್ಯೆಗಳನ್ನು ಇಡಬಹುದು. ಅದರಲ್ಲಿ ಮೊದಲ 128 ಸ್ಥಾನಗಳನ್ನು ಅಮೆರಿಕದ ‘ಆಸ್ಕಿ’ ಪದ್ಧತಿ ಇಂಗ್ಲಿಷಿಗಾಗಿ ಆಗಲೇ ಹಿಡಿದಿಟ್ಟಿತ್ತು. ಉಳಿದ 128ರಲ್ಲಿ ಕನ್ನಡ ಹಿಡಿಸಬೇಕು. ಕಾಗುಣಿತವೇ ಐನೂರು ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ಆಗ ಹುಟ್ಟಿದ್ದು ಎರಡು ಪಂಗಡ. ಮೊದಲನೆಯವರು ಧ್ವನಿಗೆ ಸ್ಥಾನ ಕೊಡಿ ಎಂದರು: ಕ ಎಂಬುದಕ್ಕೆ ಒಂದು, ಕೊಂಬಿಗೆ ಒಂದು, ಅವನ್ನು ಸೇರಿಸಿ ತೋರಿಸುವ ಕೆಲಸ ಗಣಕದ್ದು. 1988ರಲ್ಲಿ ರೂಪುಗೊಂಡು 1991ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ‘ಇಸ್ಕಿ’ ಈ ದಾರಿಯದು. ಎರಡನೆಯವರು ಮುದ್ರಣದ ಅವಸರದಲ್ಲಿದ್ದವರು. ಅವರು ಅಕ್ಷರಗಳನ್ನು ತಲೆಕಟ್ಟು, ಗುಡಿಸು, ಕೊಂಬು, ಒತ್ತು ಎಂದು ತುಂಡರಿಸಿ, ಆ ಆಕಾರಗಳನ್ನೇ ಫಾಂಟಿನ ಸ್ಥಾನಗಳಲ್ಲಿ ತುಂಬಿದರು. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಯಾವ ತುಂಡು ಎಲ್ಲಿ ಕೂರಬೇಕು ಎಂಬುದರಲ್ಲಿ ಒಬ್ಬೊಬ್ಬ ತಯಾರಕನದೂ ಒಂದೊಂದು ಪಂಕ್ತಿ. ಒಂದು ತಂತ್ರಾಂಶದಲ್ಲಿ ಬರೆದ ಪ್ರಶ್ನೆಪತ್ರಿಕೆ ಇನ್ನೊಂದರಲ್ಲಿ ತೆರೆದರೆ ಚೀನೀ ಭಾಷೆಯೋ ಮಂತ್ರವೋ ತಿಳಿಯದಂತಾಗುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. 2000ರ ದಶಕದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಆಧಾರದ ಮೇಲೆ. ಗೊಂದಲ ಅಷ್ಟಿಷ್ಟು ತಗ್ಗಿತು. ಆದರೂ ಆ ಕಾಲದ ಹಳೆಯ ಕಡತಗಳನ್ನು ಇಂದು ಪರಿವರ್ತಕವಿಲ್ಲದೆ ಓದುವಂತಿಲ್ಲ.

ಇತ್ತ ಅಮೆರಿಕದಲ್ಲಿ 1991ರಲ್ಲಿ ‘ಯೂನಿಕೋಡ್’ ಹೊರಬಂತು. ಜಗತ್ತಿನ ಅಕ್ಷರಗಳಿಗೆಲ್ಲ ಎರಡೆರಡು ಬೈಟ್, ಒಟ್ಟು 65,536 ಸ್ಥಾನ ಎಂಬುದು ಮೊದಲ ಯೋಜನೆ. ಇಂಗ್ಲಿಷಿನವರಿಗೆ ಇದು ಹಿಡಿಸಲಿಲ್ಲ: ಒಂದು ಬೈಟಿನ ಕಡತ ಸುಮ್ಮನೆ ಇಮ್ಮಡಿಯಾಗಬೇಕೇ? ಹಳೆಯ ಪ್ರೋಗ್ರಾಮುಗಳು ಕೆಡುವುದಿಲ್ಲವೇ? 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಹೋಟೆಲಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಊಟದ ತಟ್ಟೆಯ ಕೆಳಗಿನ ಹಾಳೆಯ ಮೇಲೆ ಗೀಚಿದ ಪರಿಹಾರವೇ ಯುಟಿಎಫ್-8. ಹಳೆಯ ಆಸ್ಕಿ ಕಡತ ಇದ್ದಂತೆಯೇ ಇರುತ್ತದೆ, ಒಂದು ಬೈಟೂ ಹೆಚ್ಚುವುದಿಲ್ಲ. ದೂರದ ಅಕ್ಷರಗಳಿಗೆ ಎರಡು, ಮೂರು, ನಾಲ್ಕು ಬೈಟ್. ಜಾಣತನದ ಕೆಲಸ, ಸಂಶಯವಿಲ್ಲ. ಹಳೆಯ ನಿವಾಸಿಗೆ ತೊಂದರೆಯಾಗದಂತೆ ಊರು ಕಟ್ಟಿದರು. ದೂರದ ಬಡಾವಣೆಯ ಖರ್ಚು ನಮ್ಮ ಪಾಲಿಗೆ ಬಂತು.

ಈ ಖರ್ಚು ನಿಜವಾದದ್ದೇ? ಡಿಸ್ಕಿನ ಮಟ್ಟಿಗೆ ದೂರು ಹುರುಳಿಲ್ಲದ್ದು. ಒಂದು ಫೋಟೋ ನುಂಗುವ ಜಾಗದಲ್ಲಿ ದಪ್ಪ ಕಾದಂಬರಿ ಕೂರುತ್ತದೆ. ಮೊಬೈಲಿನ ಕಿರುಸಂದೇಶದ ವಿಷಯ ಹಾಗಲ್ಲ. ಅದರ ಚೀಲವೇ 140 ಬೈಟಿನದು. ಏಳು ಬಿಟ್‌ಗಳ ಇಂಗ್ಲಿಷಿನಲ್ಲಿ 160 ಅಕ್ಷರ ಹಿಡಿಸಿದರೆ, ಎರಡು ಬೈಟಿನ ಕನ್ನಡದಲ್ಲಿ 70 ಸಂಕೇತ ಮಾತ್ರ. ಸಂದೇಶಕ್ಕೆ ಇಷ್ಟೆಂದು ದುಡ್ಡು ತೆರುತ್ತಿದ್ದ ದಿನಗಳಲ್ಲಿ ಮಗ ಊರಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದುದಕ್ಕೆ ಬರೀ ಫ್ಯಾಷನ್ ಕಾರಣವಲ್ಲ.

ಜಾಗದ ಜಗಳಕ್ಕಿಂತ ಬಿಸಿಯಾದದ್ದು ಹಳೆಯ ಸಂಪ್ರದಾಯಗಳ ಜಗಳ. ಯೂನಿಕೋಡ್ ನಮ್ಮ ಲಿಪಿಗಳನ್ನು ಇಸ್ಕಿಯ ಪಂಕ್ತಿಯಲ್ಲೇ ಕೂರಿಸಿತು. ದೇವನಾಗರಿಯ ‘ಕ’ ತನ್ನ ವಠಾರದಲ್ಲಿ ಎಷ್ಟನೆಯ ಮನೆಯೋ, ಕನ್ನಡದ ‘ಕ’ ತನ್ನ ವಠಾರದಲ್ಲಿ ಅಷ್ಟನೆಯದೇ. ಹೀಗಾಗಿ ಒಂದು ತಮಾಷೆ ನಡೆಯಿತು. ಹಳಗನ್ನಡದ ‘ೞ’ ಇರುವ ಸ್ಥಾನದಲ್ಲಿ ದೇವನಾಗರಿಗೆ ಚುಕ್ಕಿಯ ‘ಫ’ ಇದೆ. ನಮ್ಮ ೞಕಾರಕ್ಕೂ ಅಧಿಕೃತ ಪಟ್ಟಿಯಲ್ಲಿ ‘ಫ’ ಎಂದೇ ಹೆಸರು ಬಿತ್ತು! ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಒಮ್ಮೆ ಕೊಟ್ಟ ಹೆಸರು ಬದಲಿಸುವಂತಿಲ್ಲ ಎಂಬುದು ಯೂನಿಕೋಡಿನ ನಿಯಮ. ಪಕ್ಕದಲ್ಲಿ ಸರಿಯಾದ ಹೆಸರೊಂದನ್ನು ಬರೆದಿಟ್ಟಿದ್ದಾರೆ, ಅಷ್ಟೆ. ಇದು ಹಟಮಾರಿತನ ಎನಿಸಬಹುದು. ಆದರೆ ನಂಬರುಗಳೂ ಹೆಸರುಗಳೂ ವರ್ಷಕ್ಕೊಮ್ಮೆ ಬದಲಾಗತೊಡಗಿದರೆ, ಫಾಂಟುಗಳ ಕಾಲದ ರಾಮಾಯಣವೇ ಮರುಕಳಿಸೀತು. ನಿಯಮದವರ ಪಕ್ಷವೇ ಗಟ್ಟಿ.

‘ಕೊ’ ಎಂಬುದನ್ನೇ ಎರಡು ಬಗೆಯಲ್ಲಿ ಬರೆಯಬಹುದು: ಒತ್ವದ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘ ಕೊಂಬಿನ ಎರಡು ತುಂಡಾಗಿ. ಕಣ್ಣಿಗೆ ವ್ಯತ್ಯಾಸವಿಲ್ಲ. ಎಚ್ಚರವಿಲ್ಲದ ಪ್ರೋಗ್ರಾಮ್ ಮಾತ್ರ ಒಂದು ಕೊಡಗನ್ನು ಹುಡುಕುತ್ತ ಇನ್ನೊಂದು ಕೊಡಗನ್ನು ಕಾಣದೆ ಹೋಗುತ್ತದೆ. ‘ರ‍್ಯಾಂಕ್’ ಎಂಬ ಪದವನ್ನು ಅರ್ಕಾವತ್ತಿಲ್ಲದೆ ಬರೆಯಲು ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಕಾಣದಿದ್ದರೂ ಅದಕ್ಕೆ ಬಾಡಿಗೆ ಮೂರು ಬೈಟ್.

ಕೊಡವ ತಕ್ಕಿನ ಪಾಡು ಇನ್ನೂ ಸೂಕ್ಷ್ಮ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ 1924ರಲ್ಲಿ ಅಚ್ಚಾದದ್ದು ಕನ್ನಡ ಲಿಪಿಯಲ್ಲಿ. ಆದರೆ ಕೊಡವರ ಬಾಯಲ್ಲಿ ಕನ್ನಡ ಲಿಪಿಗೆ ಎಟುಕದ ನಡುನಾಲಿಗೆಯ ಸ್ವರಗಳಿವೆ. 1930ರ ದಶಕದಲ್ಲಿ ಕೊಡಗಿನಲ್ಲಿ ಕ್ಷೇತ್ರಕಾರ್ಯ ಮಾಡಿದ ಭಾಷಾವಿಜ್ಞಾನಿ ಎಂ. ಬಿ. ಎಮೆನೋ 1970ರಲ್ಲಿ ಈ ಸ್ವರಗಳ ಮೇಲೆಯೇ ಒಂದು ಪ್ರಬಂಧ ಬರೆದರು. ಪದದ ಕೊನೆಯಲ್ಲಿ ಅಂಥ ಸ್ವರ ಬಂದಾಗ ‘ತಕ್ಕ್’ ಎಂದು ಅರ್ಧಾಕ್ಷರ ಬರೆಯುವ ರೂಢಿ ಇದೆ. ಧಾರವಾಡದ ಓದುಗ ಅದನ್ನು ಬಾಯಿ ಮುಚ್ಚಿಯೇ ಓದುತ್ತಾನೆ. ಗಣಕಕ್ಕಂತೂ ಅಲ್ಲಿ ಸ್ವರವಿದೆ ಎಂಬ ಸುಳಿವೇ ಇಲ್ಲ. ಪದದ ನಡುವೆ ಅದೇ ಉಪಾಯ ಹೂಡಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗಿಳಿಯುತ್ತದೆ. ತಡೆಯಲು ಮತ್ತೊಂದು ಕಾಣದ ಗುರುತು ಬೇಕು. ಹೊಸ ಚಿಹ್ನೆಗೆ ಹೊಸ ಸ್ಥಾನ ಕೇಳುವುದೋ, ಇರುವ ರೂಢಿಯಲ್ಲೇ ನಿಭಾಯಿಸುವುದೋ? ಕನ್ನಡದ ವಠಾರದಲ್ಲಿ ಖಾಲಿ ಮನೆಗಳಿಗೇನೂ ಬರವಿಲ್ಲ. 2024ರಲ್ಲಿ ತುಳು-ತಿಗಳಾರಿ ಲಿಪಿಗೆ ಪ್ರತ್ಯೇಕ ವಠಾರವೇ ದೊರೆಯಿತು, ಅಕ್ಷರಕ್ಕೆ ನಾಲ್ಕು ಬೈಟಿನಂತೆ. ಆದರೆ ಸ್ಥಾನ ಕೇಳುವ ಮೊದಲು ಚಿಹ್ನೆ ಯಾವುದೆಂದು ಬರೆಯುವವರೇ ಒಪ್ಪಿಕೊಳ್ಳಬೇಕು, ಪುಸ್ತಕಗಳಲ್ಲಿ ಬಳಸಿಯೂ ತೋರಿಸಬೇಕು. ಪ್ರೋಗ್ರಾಮರು ಮಾಡಿಕೊಡುವ ಕೆಲಸವಲ್ಲ ಅದು.

ಲೆಕ್ಕವನ್ನು ಮಕ್ಕಳು ಸ್ವತಃ ಪರೀಕ್ಷಿಸಬಹುದು. ನೋಟ್‌ಪ್ಯಾಡಿನಲ್ಲಿ ‘ಕೊಡಗು’ ಎಂದಷ್ಟೇ ಬರೆದು, ಯುಟಿಎಫ್-8 ಆರಿಸಿ ಉಳಿಸಿ, ಕಡತದ ಗಾತ್ರ ನೋಡಿ. 15 ಎಂದು ತೋರಬೇಕು. ಹಳೆಯ ವಿಂಡೋಸ್ ಆದರೆ 18 ತೋರಿಸುತ್ತದೆ: ಆ ಮೂರು ಬೈಟ್ ಕಡತದ ಹಣೆಗೆ ಹಚ್ಚಿದ ಗುರುತು, ಕಡತವನ್ನು ಯಾವ ಪದ್ಧತಿಯಲ್ಲಿ ಓದಬೇಕೆಂದು ಹೇಳಲು ಇಟ್ಟದ್ದು. ಅದು ಬೇಕೇ ಬೇಡವೇ ಎಂಬ ಜಗಳ ಪ್ರೋಗ್ರಾಮರುಗಳಲ್ಲಿ ಇನ್ನೂ ಮುಗಿದಿಲ್ಲ.