ಯೆಹೂದ್ಯ ಮತವನ್ನು ಕುರಿತು ನಮ್ಮ ಹೆಣ್ಣುಮಕ್ಕಳು ಏನನ್ನು ಕಲಿಯಬೇಕು?

ನಮ್ಮ ಶಾಲೆಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಅಬ್ರಹಾಮ, ಮೋಶೆ, ರೂತಳು, ಎಸ್ತೇರಳು ಇವರ ಹೆಸರುಗಳು ತವರುಮನೆಯ ನಂಟರ ಹೆಸರುಗಳಷ್ಟೇ ಪರಿಚಿತವಾಗಿರುವುವು. ಆದರೆ ಆ ಅಬ್ರಹಾಮನ ಸಂತತಿಯವರು ಈಗ ದೇವರನ್ನು ಹೇಗೆ ಆರಾಧಿಸುತ್ತಾರೆಂದು ಕೇಳಿದರೆ ಉತ್ತರವು ದೊರೆಯುವುದು ಅಪರೂಪ. ಹಳೆಯ ಒಡಂಬಡಿಕೆಯ ಕಡೆಯ ಪುಟದೊಡನೆ ಯೆಹೂದ್ಯರ ಕಥೆಯೂ ಮುಗಿಯಿತೆಂದು ಎಷ್ಟೋ ಮಂದಿ ಭಾವಿಸಿರುತ್ತಾರೆ. ಕೆಲವರ ಬಾಯಲ್ಲಿ ‘ಫರಿಸಾಯ’ ಎಂಬುದು ಕಪಟಿಗೆ ಇನ್ನೊಂದು ಹೆಸರು. ಶುಭ ಶುಕ್ರವಾರ ಬಂದಾಗ ‘ಯೆಹೂದ್ಯರೇ ಕರ್ತನನ್ನು ಕೊಂದವರು’ ಎಂಬ ಮಾತೂ ಕೇಳಿಬರುವುದುಂಟು. ಮಿಷನ್ ಶಾಲೆಯಲ್ಲಿ ಕಲಿತವರು ಆಡತಕ್ಕ ಮಾತುಗಳು ಇವಲ್ಲ. ಯೆಹೂದ್ಯ ಮತವನ್ನು ಕೇವಲ ನಮ್ಮ ಮತದ ಪೀಠಿಕೆಯಾಗಿ ಕಲಿಸದೆ, ಯೆಹೂದ್ಯರು ತಾವೇ ಅದನ್ನು ವಿವರಿಸುವ ರೀತಿಯಲ್ಲಿ ಕಲಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ದೇವರು ಒಬ್ಬನೇ, ಆತನಿಗೆ ರೂಪವಿಲ್ಲ, ಮೋಶೆಯ ಮೂಲಕ ಆತನು ತೋರಾ ಎಂಬ ಧರ್ಮಶಾಸ್ತ್ರವನ್ನು ಕೊಟ್ಟನು, ಮೆಸ್ಸೀಯನು ಇನ್ನೂ ಬರತಕ್ಕವನು, ಇವು ಅವರ ಪರಂಪರಾಗತವಾದ ನಂಬಿಕೆಗಳು. ಕ್ರಿ. ಶ. 70ರಲ್ಲಿ ರೋಮನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ಯಜ್ಞಗಳು ನಿಂತುಹೋದವು. ಅಂದಿನಿಂದ ಪ್ರಾರ್ಥನೆಯೂ ಶಾಸ್ತ್ರಾಧ್ಯಯನವೂ ಯಜ್ಞದ ಸ್ಥಾನವನ್ನು ಪಡೆದವು. ಯಾಜಕರಿಗೆ ಬದಲಾಗಿ ರಬ್ಬಿಗಳೆಂಬ ಬೋಧಕರು ಜನರನ್ನು ನಡೆಸಿದರು. ಈ ರಬ್ಬಿಗಳು ತಮ್ಮ ಪರಂಪರೆಯನ್ನು ಫರಿಸಾಯರಿಂದಲೇ ಎಣಿಸಿಕೊಳ್ಳುವರು. ಆದುದರಿಂದ ಆ ಹೆಸರನ್ನು ಬೈಗುಳಾಗಿ ಆಡುವಾಗ ನಾವು ಒಂದು ಜನಾಂಗದ ಗುರುಪರಂಪರೆಯನ್ನೇ ನಿಂದಿಸಿದಂತಾಗುವುದು.

ಈ ಮತವು ಉಳಿದು ಬಂದದ್ದು ಬಹುಮಟ್ಟಿಗೆ ಮನೆಯಲ್ಲಿಯೇ. ಶುಕ್ರವಾರ ಸೂರ್ಯಾಸ್ತಕ್ಕೆ ಮುಂಚೆ ಮನೆಯ ಗೃಹಿಣಿಯು ಅಡಿಗೆಯನ್ನೆಲ್ಲ ಮುಗಿಸಿ, ದೀಪಗಳನ್ನು ಹಚ್ಚಿ ಸ್ತೋತ್ರ ಹೇಳುವಳು; ಅಲ್ಲಿಂದ ಶನಿವಾರ ರಾತ್ರಿಯ ತನಕ ಸಬ್ಬತ್ತು. ಸಂಪ್ರದಾಯಸ್ಥರು ಆ ಹೊತ್ತಿನಲ್ಲಿ ಬೆಂಕಿಯನ್ನೂ ಹೊತ್ತಿಸರು. ಕೊಂಕಣ ತೀರದ ಬೆನೆ ಇಸ್ರೇಲ್ ಯೆಹೂದ್ಯರು ಎಣ್ಣೆಯ ಗಾಣ ನಡೆಸುತ್ತಿದ್ದವರು. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ನೆರೆಯವರು ಅವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು, ಎಂದೇ ಕರೆದರು. ಪಸ್ಕ ಹಬ್ಬದ ರಾತ್ರಿ ಹುಳಿಯಿಲ್ಲದ ರೊಟ್ಟಿಯನ್ನೂ ಕಹಿ ಪಲ್ಯವನ್ನೂ ಮುಂದಿಟ್ಟುಕೊಂಡು ಕುಳಿತಾಗ, ಈ ರಾತ್ರಿ ಬೇರೆ ರಾತ್ರಿಗಳಂತಲ್ಲವೇಕೆಂದು ಮನೆಯ ಕಿರಿಯ ಮಗುವು ಕೇಳಬೇಕು. ಕೇಳಿದ ಮೇಲೆಯೇ ಹಿರಿಯರು ಐಗುಪ್ತದ ದಾಸತ್ವದ ಕಥೆಯನ್ನು ಹೇಳುವರು. ಉಪಾಧ್ಯಾಯಿನಿಯರಾದ ನಮಗೆ ಇದಕ್ಕಿಂತ ಪ್ರಿಯವಾದ ಪದ್ಧತಿ ಬೇರೊಂದಿಲ್ಲ. ಪ್ರಶ್ನೆ ಕೇಳಿದ ಮಗುವನ್ನು ‘ಸುಮ್ಮನಿರು’ ಎನ್ನುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ!

ಇದೆಲ್ಲ ದೂರದೇಶದ ಮಾತೆಂದು ಪೋಷಕರು ತಿಳಿಯಬಾರದು. ಬಾಳ್ಳುಪೇಟೆಯಿಂದ ಸಕಲೇಶಪುರವನ್ನು ದಾಟಿ ಘಟ್ಟವಿಳಿಯುವ ರಸ್ತೆಯು ಮುಟ್ಟುವ ಮಂಗಳೂರಿನಲ್ಲಿಯೇ ಒಂದು ಯೆಹೂದ್ಯ ಮನೆಯಿತ್ತು. ನಮ್ಮ ನೆರೆಯ ಬೇಲೂರಿನ ಚೆನ್ನಕೇಶವ ದೇವಾಲಯವು ಪ್ರತಿಷ್ಠೆಯಾದದ್ದು 1117ರಲ್ಲಿ. ಅದಾದ ಹದಿನೈದು ವರ್ಷಕ್ಕೆ, 1132ರಲ್ಲಿ, ಟ್ಯುನೀಸಿಯ ಸೀಮೆಯ ಅಬ್ರಹಾಮ್ ಬೆನ್ ಯಿಜು ಎಂಬ ವರ್ತಕನು ಮಂಗಳೂರಿನಲ್ಲಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನು ನಡೆಸಿದನು. ಮೆಣಸು, ಏಲಕ್ಕಿ, ಅಡಿಕೆಗಳನ್ನು ಏಡನ್ನಿಗೆ ಕಳುಹಿಸಿದನು. ಈ ಸರಕುಗಳ ಬೆಲೆಯನ್ನು ನಮ್ಮ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಅವನ ವ್ಯಾಪಾರದ ಆಳಿನ ಹೆಸರನ್ನು ಅಮಿತಾವ್ ಘೋಷರು ‘ಬೊಮ್ಮ’ ಎಂದು ಓದಿದ್ದಾರೆ. ನಮ್ಮ ಕಿವಿಗೆ ಎಷ್ಟು ಹತ್ತಿರದ ಹೆಸರು! ಆಶು ಎಂಬ ಈ ದೇಶದ ದಾಸಿಯನ್ನು ಅವನು 1132ರಲ್ಲಿ ಪತ್ರ ಬರೆದು ಬಿಡುಗಡೆ ಮಾಡಿದನು. ಅವನ ಮಕ್ಕಳ ತಾಯಿ ಅವಳೇ ಎಂಬುದು ವಿದ್ವಾಂಸರ ಮತ. ದಾಸತ್ವದ ಬಿಡುಗಡೆಯನ್ನು ವರ್ಷವರ್ಷವೂ ಕೊಂಡಾಡುವ ಮನೆಯಲ್ಲಿ ದಾಸಿಯಿದ್ದಳೆಂಬುದನ್ನು ಮರೆಮಾಡಬೇಕಾಗಿಲ್ಲ. ಅವನು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಮರಳಿದನು.

ಇಷ್ಟು ವಿವರವು ನಮಗೆ ತಿಳಿದದ್ದು ಅವರ ಮತಾಚಾರದಿಂದಲೇ. ದೇವರ ಹೆಸರಿರುವ ಬರೆಹವನ್ನು ಅವರು ಸುಡರು, ಎಸೆಯರು. ಕೈರೋವಿನ ಬೆನ್ ಎಜ್ರಾ ಸಭಾಮಂದಿರದಲ್ಲಿ ಹೀಗೆ ಶೇಖರಿಸಿದ ಕಾಗದಗಳೊಳಗೆ ಬೆನ್ ಯಿಜುವಿನ ಪತ್ರಗಳೂ ಉಳಿದುಕೊಂಡವು. ಆ ರಾಶಿಯ ಬಹುಭಾಗವು 1897ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವನ್ನು ಸೇರಿತು. ಘೋಷರು 1992ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥದಲ್ಲಿ ಬೊಮ್ಮನ ಜಾಡನ್ನೇ ಹಿಡಿದು ಹೊರಟಿದ್ದಾರೆ.

ಕಾಣದ ಜನರ ಮೇಲಿನ ಒಂದು ಮಾತಿನಿಂದ ಏನು ಕೆಡುಕಾದೀತು ಎನ್ನುವವರುಂಟು. ಕ್ರೈಸ್ತ ದೇಶಗಳಲ್ಲಿ ಆ ಮಾತನ್ನು ಶತಮಾನಗಳವರೆಗೆ ಮಕ್ಕಳಿಗೆ ಕಲಿಸಿದರು. ದ್ವೇಷಕ್ಕೆ ನೆಲವು ಹದವಾಗಿತ್ತು. ಹಿಟ್ಲರನ ಆಡಳಿತವೂ ಅದರ ಸಹಾಯಕರೂ 1945ರೊಳಗೆ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಂದರು. ಕರ್ತನ ಮರಣದ ದೋಷವನ್ನು ಆ ಕಾಲದ ಎಲ್ಲ ಯೆಹೂದ್ಯರ ಮೇಲಾಗಲಿ ಈಗಿನವರ ಮೇಲಾಗಲಿ ಹೊರಿಸಕೂಡದೆಂದು ರೋಮನ್ ಕಥೋಲಿಕ ಸಭೆಯು 1965ರಲ್ಲಿ ಸ್ಪಷ್ಟವಾಗಿ ಸಾರಿತು. ಕರ್ತನೂ, ಆತನ ತಾಯಿಯೂ, ಹನ್ನೆರಡು ಶಿಷ್ಯರೂ ಯೆಹೂದ್ಯರೇ. ಮರಣದಂಡನೆ ವಿಧಿಸಿದವನು ರೋಮನ್ ಅಧಿಪತಿಯಾದ ಪಿಲಾತನು. ಇದನ್ನು ಹೇಳಲು ಸತ್ಯವೇದವೊಂದೇ ಸಾಕು.

ಆದುದರಿಂದ ಮೇಲಿನ ತರಗತಿಗಳಲ್ಲಿ ಶುಭ ಶುಕ್ರವಾರದ ಪಾಠಕ್ಕೆ ಮುಂಚೆ ಪಸ್ಕ ಹಬ್ಬದ ಪಾಠವನ್ನು, ಯೆಹೂದ್ಯರ ಮನೆಗಳಲ್ಲಿ ಅದು ನಡೆಯುವ ಕ್ರಮದಲ್ಲಿಯೇ, ಹೇಳಿಕೊಡಬೇಕೆಂದು ನಾವು ಇಷ್ಟಪಡುತ್ತೇವೆ. ಅಂದು ಮೊದಲ ಪ್ರಶ್ನೆಯನ್ನು ತರಗತಿಯ ಎಲ್ಲರಿಗಿಂತ ಚಿಕ್ಕ ಹುಡುಗಿಯು ಕೇಳಲಿ.