ಹಳೆಯ ಕಾರಿನ ಹೊಗೆ ಯಾರ ಪಾಲಿಗೆ?



ನಿಮ್ಮ ಮನೆಯಲ್ಲಿ ಹದಿನೈದು ವರ್ಷ ಹಳೆಯ ಪೆಟ್ರೋಲ್ ಕಾರೊಂದಿದೆ ಎಂದಿಟ್ಟುಕೊಳ್ಳೋಣ. ಪತಿ ಗಲ್ಫ್‌ನಲ್ಲಿದ್ದಾರೆ. ಮಕ್ಕಳನ್ನು ಶಾಲೆಗೆ, ಮದ್ರಸಕ್ಕೆ ಬಿಡುವುದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಎಲ್ಲವೂ ಅದರಲ್ಲೇ. ಇತ್ತೀಚೆಗೆ ಏರು ಹತ್ತುವಾಗ ಕಾರು ಏದುಸಿರು ಬಿಡುತ್ತಿದೆ. ಗ್ಯಾರೇಜಿಗೆ ಕೊಟ್ಟಿದ್ದೀರಿ. ಸಂಜೆ ಮೆಕ್ಯಾನಿಕ್‌ನ ಫೋನ್ ಬರುತ್ತದೆ.

"ಅಕ್ಕಾ, ಸೈಲೆನ್ಸರಿನ ಮುಂದಿರುವ ಕನ್ವರ್ಟರ್ ಬ್ಲಾಕ್ ಆಗಿದೆ. ಹೊಸದು ತುಂಬಾ ದುಬಾರಿ. ಅದನ್ನು ತೆಗೆದು ಖಾಲಿ ಪೈಪ್ ವೆಲ್ಡ್ ಮಾಡಿ ಕೊಡ್ತೇನೆ. ಪಿಕಪ್ಪೂ ಬರ್ತದೆ, ಮೈಲೇಜೂ ಸಿಗ್ತದೆ. ಹಳೆಯದಕ್ಕೆ ಗುಜರಿಯವರು ದುಡ್ಡೂ ಕೊಡ್ತಾರೆ. ಎಲ್ಲರೂ ಹೀಗೇ ಮಾಡಿಸುವುದು."

ನೀವೇನು ಉತ್ತರಿಸುವಿರಿ? ನಮ್ಮಲ್ಲಿ ಹೆಚ್ಚಿನವರು "ನಿಮಗೆ ಸರಿ ಕಂಡದ್ದು ಮಾಡಿ" ಎಂದುಬಿಡುತ್ತೇವೆ. ಯಂತ್ರದ ವಿಷಯ ನಮಗೇಕೆ ಎಂಬ ಭಾವನೆ. ಆದರೆ ಇದು ಕೇವಲ ಯಂತ್ರದ ವಿಷಯವಲ್ಲ. ಉಸಿರಿನ ವಿಷಯ.

ಕಾರಿನಡಿಯ ಆ ಡಬ್ಬಿಯಲ್ಲಿ ಏನಿದೆ? ಜೇನುಗೂಡಿನಂತೆ ಸಾವಿರಾರು ಸಣ್ಣ ರಂಧ್ರಗಳಿರುವ ಪಿಂಗಾಣಿಯ ಗಟ್ಟಿ. ಆ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ತೆಳು ಲೇಪ. ಗುಜರಿಯವರು ಅದಕ್ಕೆ ಹಣ ಕೊಡುವುದು ಇದೇ ಕಾರಣಕ್ಕೆ. ಎಂಜಿನ್ನಿನಿಂದ ಹೊರಟ ಬಿಸಿ ಹೊಗೆ ಇದರ ಮೂಲಕ ಹಾದುಹೋಗುವಾಗ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಯದೆ ಉಳಿದ ಪೆಟ್ರೋಲಿನ ಅಂಶ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗುತ್ತದೆ. ಶ್ವಾಸನಾಳವನ್ನು ಕೆರಳಿಸುವ ಸಾರಜನಕದ ಆಕ್ಸೈಡ್‌ಗಳು ಬರೀ ಸಾರಜನಕವಾಗಿ ಹೊರಬೀಳುತ್ತವೆ.

ನಮ್ಮ ದೇಶದಲ್ಲಿ ಇದು ಬಂದದ್ದು 1995ರಲ್ಲಿ. ದಿಲ್ಲಿ, ಮುಂಬಯಿ, ಕೊಲ್ಕತ್ತಾ ಮತ್ತು ಚೆನ್ನೈಯ ಹೊಸ ಪೆಟ್ರೋಲ್ ಕಾರುಗಳಿಗೆ ಆಗ ಅದನ್ನು ಕಡ್ಡಾಯ ಮಾಡಲಾಯಿತು. ಪೆಟ್ರೋಲಿನಲ್ಲಿ ಸೀಸವಿದ್ದರೆ ಕನ್ವರ್ಟರ್ ಹಾಳಾಗುವುದರಿಂದ ಸೀಸರಹಿತ ಪೆಟ್ರೋಲೂ ಜೊತೆಗೆ ಬಂತು. 2000ದ ಹೊತ್ತಿಗೆ ಅದು ಇಡೀ ದೇಶಕ್ಕೆ ತಲುಪಿತು. ನಂತರ ಭಾರತ್ ಸ್ಟೇಜ್ ಎಂಬ ನಿಯಮಗಳು ಮೆಟ್ಟಿಲು ಮೆಟ್ಟಿಲಾಗಿ ಬಿಗಿಯಾದವು. ಮೂರನೆಯದು 2010ರಲ್ಲಿ, ನಾಲ್ಕನೆಯದು 2017ರಲ್ಲಿ ದೇಶವಿಡೀ ಜಾರಿಯಾದವು. ಐದನ್ನು ಬಿಟ್ಟು 2020ರಲ್ಲಿ ನೇರವಾಗಿ ಆರನೆಯದು ಬಂತು. ಇಷ್ಟು ವರ್ಷಗಳ ಪ್ರಯತ್ನವನ್ನು ಒಂದು ಮಧ್ಯಾಹ್ನದ ವೆಲ್ಡಿಂಗ್ ಕೆಲಸ ಅಳಿಸಿ ಹಾಕುತ್ತದೆ.

ಅದನ್ನು ತೆಗೆದರೆ ಏನಾಗುತ್ತದೆ? ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಅವಸರದಲ್ಲಿ ಹಾಕಿದ ವೆಲ್ಡಿಂಗ್‌ನಲ್ಲಿ ಬಿರುಕು ಬಿಟ್ಟರೆ ಹೊಗೆ ಕಾರಿನೊಳಗೇ ನುಸುಳಬಹುದು. ಹಿಂದಿನ ಸೀಟಿನಲ್ಲಿ ಮಲಗಿರುವುದು ನಿಮ್ಮದೇ ಮಗು! ಇನ್ನು ಹೊರಗೆ? ರಸ್ತೆ ಬದಿಯಲ್ಲಿ ವ್ಯಾನಿಗಾಗಿ ಕಾಯುವ ಪುಟ್ಟ ಮಕ್ಕಳ ಮೂಗು ದೊಡ್ಡವರಿಗಿಂತ ಹೊಗೆಕೊಳವೆಗೆ ಹತ್ತಿರವಿರುತ್ತದೆ. ತಮ್ಮ ದೇಹದ ತೂಕಕ್ಕೆ ಹೋಲಿಸಿದರೆ ಅವರು ಒಳಗೆಳೆದುಕೊಳ್ಳುವ ಗಾಳಿಯೂ ಹೆಚ್ಚು. ಅಸ್ತಮಾ ಇರುವ ಮಗುವಿನ ತಾಯಿಯಲ್ಲಿ ಕೇಳಿ ನೋಡಿ, ಒಂದು ರಾತ್ರಿಯ ಉಬ್ಬಸ ಎಷ್ಟು ಉದ್ದವೆಂದು ಆಕೆ ಹೇಳುವಳು.

ಡೀಸೆಲ್ ಕಾರುಗಳದ್ದು ಬೇರೆ ಕತೆ. ಅದರಲ್ಲಿ ಸ್ವಲ್ಪ ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಇ.ಜಿ.ಆರ್. ಎಂಬ ವಾಲ್ವ್ ಇರುತ್ತದೆ. ಇದರಿಂದ ಒಳಗಿನ ಉರಿಯ ಬಿಸಿ ತಗ್ಗಿ, ಸಾರಜನಕದ ಆಕ್ಸೈಡ್‌ಗಳು ಕಡಿಮೆಯಾಗುತ್ತವೆ. ಹಳೆಯದಾದಂತೆ ಅದರಲ್ಲಿ ಮಸಿ ಕಟ್ಟುತ್ತದೆ. ಬಿಚ್ಚಿ ತೊಳೆಯುವ ಬದಲು ಕೆಲವರು ದಾರಿಗೆ ಅಡ್ಡಲಾಗಿ ಒಂದು ತಗಡು ಇಟ್ಟು ಬಿಡುತ್ತಾರೆ. ಸುಲಭದ ಕೆಲಸ. ಆದರೆ ವಿಷ ಮಾತ್ರ ಹೆಚ್ಚುತ್ತದೆ.

"ಎಮಿಷನ್ ಟೆಸ್ಟ್ ಪಾಸಾಯಿತಲ್ಲ?" ಎಂದು ನೀವು ಕೇಳಬಹುದು. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರು ನಿಂತಲ್ಲೇ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.5ನ್ನು ಮೀರಬಾರದು. ಅದಕ್ಕಿಂತ ಹಿಂದಿನ ಕಾರುಗಳಿಗೆ ಶೇ. 3ರ ತನಕ ಅವಕಾಶವಿದೆ. ಕನ್ವರ್ಟರ್ ತೆಗೆದ ಕಾರನ್ನು ಮೊದಲ ಮಿತಿಯೊಳಗೆ ತರುವುದು ಕಷ್ಟ. ಅದಕ್ಕಾಗಿಯೇ ಕಾರನ್ನು ನೋಡದೆಯೇ ಚೀಟಿ ಕೊಡುವವರನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ಡೀಸೆಲ್ ಕಾರಿನ ಪರೀಕ್ಷೆಯಲ್ಲಿ ಹೊಗೆ ಎಷ್ಟು ಕಪ್ಪು ಎಂದಷ್ಟೇ ಅಳೆಯುತ್ತಾರೆ. ಸಾರಜನಕದ ಆಕ್ಸೈಡ್‌ಗಳನ್ನು ಅಳೆಯುವುದೇ ಇಲ್ಲ. ಹಾಗಾದರೆ ಯಂತ್ರ ಹಿಡಿಯದ ತಪ್ಪು ತಪ್ಪಲ್ಲವೇ? ವಾಯುಮಾಲಿನ್ಯದ ಮಿತಿ ಮೀರಿದ ವಾಹನ ಓಡಿಸಿದರೆ 10,000 ರೂಪಾಯಿಯ ತನಕ ದಂಡ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಪೊಲೀಸರ ಕಣ್ಣು ತಪ್ಪಿಸಬಹುದು. ಎಲ್ಲವನ್ನೂ ನೋಡುತ್ತಿರುವ ಅಲ್ಲಾಹನ ಮುಂದೆ ಆ ಚೀಟಿ ನಡೆಯುವುದೇ?

ಪ್ರವಾದಿವರ್ಯರು(ಸ) ಹೇಳಿದ ಹಡಗಿನ ಉದಾಹರಣೆ ನಿಮಗೆ ತಿಳಿದಿದೆ. ಕೆಳಗಿನ ಅಂತಸ್ತಿನವರು ನೀರಿಗಾಗಿ ಮೇಲೆ ಹೋಗುವ ತೊಂದರೆ ತಪ್ಪಿಸಲು ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ತಡೆದರೆ ಎಲ್ಲರೂ ಉಳಿಯುತ್ತಾರೆ. ಕಾರು ನಮ್ಮದು, ಡಬ್ಬಿ ನಮ್ಮದು. ಆದರೆ ಗಾಳಿ? ದಾರಿಯಿಂದ ಒಂದು ಮುಳ್ಳನ್ನು ಸರಿಸುವುದನ್ನೂ ವಿಶ್ವಾಸದ ಭಾಗವೆಂದು ಕಲಿತವರು ನಾವು. ಅದೇ ದಾರಿಗೆ ವಿಷ ಉಗುಳುವುದು ಹೇಗೆ ಸರಿಯಾದೀತು?

ಹಾಗೆಂದು ನಿಮ್ಮ ಮೇಲೆ ದೊಡ್ಡ ಖರ್ಚಿನ ಹೊರೆ ಹೊರಿಸುತ್ತಿಲ್ಲ. ಕನ್ವರ್ಟರ್ ಹೆಚ್ಚಾಗಿ ತಾನಾಗಿ ಕೆಡುವುದಿಲ್ಲ. ಪ್ಲಗ್ ಅಥವಾ ಕಾಯಿಲ್ ಸರಿಯಿಲ್ಲದೆ ಪೆಟ್ರೋಲ್ ಉರಿಯದೆ ಹೊರಬಂದರೆ ಅದು ಕನ್ವರ್ಟರಿನೊಳಗೆ ಉರಿದು ಜೇನುಗೂಡನ್ನೇ ಕರಗಿಸುತ್ತದೆ. ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಅದರ ಮಸಿ, ಬೂದಿ ಒಳಗೆ ಕಟ್ಟುತ್ತದೆ. ಮೂಲ ಕಾಯಿಲೆ ಬಿಟ್ಟು ಡಬ್ಬಿ ಕಿತ್ತರೆ, ಜ್ವರ ಬಂದಾಗ ಥರ್ಮಾಮೀಟರ್ ಎಸೆದಂತೆ. ಆದ್ದರಿಂದ ಫೋನ್ ಬಂದಾಗ ಧೈರ್ಯವಾಗಿ ಹೀಗೆ ಕೇಳಿ:

"ಮೊದಲು ಪ್ಲಗ್, ಕಾಯಿಲ್, ಏರ್ ಫಿಲ್ಟರ್, ಆಕ್ಸಿಜನ್ ಸೆನ್ಸರ್ ನೋಡಿದ್ದೀರಾ? ಬ್ಲಾಕ್ ಆಗಿದೆ ಎಂದು ಒತ್ತಡ ಅಳೆದು ತಿಳಿದುಕೊಂಡಿರಾ, ಅಥವಾ ಅಂದಾಜೋ? ಇ.ಜಿ.ಆರ್. ತೊಳೆದರೆ ಸಾಕಾಗದೇ?"

ಪರೀಕ್ಷಿಸಿದ ಮೇಲೂ ಕನ್ವರ್ಟರ್ ಹಾಳಾಗಿದೆ ಎಂದಾದರೆ ಬೆಲೆ ವಿಚಾರಿಸಿ, ಒಂದೆರಡು ತಿಂಗಳು ಹಣ ಕೂಡಿಟ್ಟು ಹೊಸದನ್ನೇ ಹಾಕಿಸಿ. ಅಷ್ಟು ಖರ್ಚಿಗೆ ಕಾರು ಯೋಗ್ಯವಲ್ಲವೆಂದು ಕಂಡರೆ ಅದನ್ನು ಬಿಟ್ಟುಬಿಡುವುದೂ ಒಂದು ತೀರ್ಮಾನವೇ. ಇನ್ನೊಂದು ಮಾತು. ಎಂಜಿನ್ ತಣ್ಣಗಿರುವಾಗ ಒಳ್ಳೆಯ ಕನ್ವರ್ಟರೂ ಕೆಲಸ ಮಾಡುವುದಿಲ್ಲ. ಅದು ಬಿಸಿಯಾಗಬೇಕು. ಆದ್ದರಿಂದ ಬೆಳಿಗ್ಗೆ ಅಡುಗೆಮನೆಯ ಕಿಟಕಿಯ ಪಕ್ಕದಲ್ಲಿ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಕಾರನ್ನು ಸ್ಟಾರ್ಟ್ ಮಾಡಿ ನಿಲ್ಲಿಸಬೇಡಿ.

ಒಂದು ವೇಳೆ ಈಗಾಗಲೇ ಡಬ್ಬಿ ತೆಗೆಸಿದ್ದೀರಾ? ಗೊತ್ತಿಲ್ಲದೆ ಆದ ತಪ್ಪನ್ನು ಸರಿಪಡಿಸಲು ಇನ್ನೂ ಸಮಯವಿದೆ. ಆ ಕಾರನ್ನು ಮಾರುವುದಾದರೆ ಕೊಳ್ಳುವವನಿಗೆ ಅದನ್ನು ಸ್ಪಷ್ಟವಾಗಿ ಹೇಳಿ. ಮೇಲೆ ಒಣ ಧಾನ್ಯ, ಅಡಿಯಲ್ಲಿ ಒದ್ದೆ ಧಾನ್ಯ ಇಟ್ಟು ಮಾರುತ್ತಿದ್ದ ವ್ಯಾಪಾರಿಯ ರಾಶಿಗೆ ಕೈಹಾಕಿ ಪ್ರವಾದಿವರ್ಯರು(ಸ) ಎಚ್ಚರಿಸಿದ್ದನ್ನು ಮರೆಯಬಾರದು. ಮಿರುಗುವ ಬಣ್ಣದ ಕೆಳಗೆ ಖಾಲಿ ಪೈಪ್ ಅಡಗಿಸಿ ಮಾರುವುದೂ ಅದೇ ಸಾಲಿಗೆ ಸೇರುತ್ತದೆ.

ಸಹೋದರಿ, ಮನೆಯ ನೀರು ಶುದ್ಧವಾಗಿರಬೇಕೆಂದು ಕುದಿಸಿ ಸೋಸುವವರು ನಾವು. ಊಟದ ತುತ್ತು ಹಲಾಲ್ ಆಗಿರಬೇಕೆಂದು ವಿಚಾರಿಸುವವರು ನಾವು. ನಮ್ಮಿಂದಾಗಿ ಇನ್ನೊಬ್ಬರ ಮಗು ಎಳೆದುಕೊಳ್ಳುವ ಉಸಿರಿನ ಬಗ್ಗೆಯೂ ಒಮ್ಮೆ ವಿಚಾರಿಸೋಣ. ಮುಂದಿನ ಸಲ ಗ್ಯಾರೇಜಿನಿಂದ ಫೋನ್ ಬಂದಾಗ "ನಿಮಗೆ ಸರಿ ಕಂಡದ್ದು ಮಾಡಿ" ಎನ್ನದಿರಿ. "ಅದು ಅಲ್ಲೇ ಇರಲಿ, ರಿಪೇರಿ ಮಾಡಿ" ಎನ್ನಿ. ಅಲ್ಲಾಹನು ನಮ್ಮ ಕೈಯಿಂದ ಯಾರಿಗೂ ತೊಂದರೆಯಾಗದಂತೆ ಕಾಪಾಡಲಿ. ಆಮೀನ್.