ಟಾರ್ಚ್ ಸೆಲ್ಲಿನ ಕಪ್ಪು ಪುಡಿಗೆ ಹೊಸ ಕೆಲಸ

ಮುಗಿದುಹೋದ ಟಾರ್ಚ್ ಸೆಲ್ಲನ್ನು ಒಡೆದರೆ ಕೈಗೆ ಮಸಿ ಹತ್ತಿಸುವ ಕಪ್ಪು ಪುಡಿ ಸಿಗುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಮಿಶ್ರಣ. ಸೆಲ್ಲಿನ ರಾಸಾಯನಿಕ ದುಡಿಮೆ ಆಕ್ಸೈಡಿನದು. ಆದರೆ ಅದು ಒಳ್ಳೆಯ ವಾಹಕವಲ್ಲ. ವಿದ್ಯುತ್ತಿಗೆ ದಾರಿ ಮಾಡಿಕೊಡಲು ಇಂಗಾಲ ಬೇಕು. ಇದೇ ಜೋಡಿಯನ್ನು ವಿಜ್ಞಾನಿಗಳು ಈಗ ಸೂಪರ್ ಕೆಪಾಸಿಟರ್‌ಗಳಲ್ಲಿ ಪಳಗಿಸುತ್ತಿದ್ದಾರೆ.

ಸೂಪರ್ ಕೆಪಾಸಿಟರ್ ಎಂದರೆ ಕೆಲವೇ ಸೆಕೆಂಡುಗಳಲ್ಲಿ ಚಾರ್ಜ್ ಆಗಿ, ಅಷ್ಟೇ ಬೇಗ ವಿದ್ಯುತ್ತನ್ನು ಹಿಂದಿರುಗಿಸುವ ಸಾಧನ. ಲಕ್ಷಾಂತರ ಸಲ ಹೀಗೆ ತುಂಬಿ ಬರಿದು ಮಾಡಿದರೂ ಅದು ಬಾಳುತ್ತದೆ. ಕೊರತೆ ಇರುವುದು ಸಂಗ್ರಹದಲ್ಲಿ. ಲಿಥಿಯಂ ಬ್ಯಾಟರಿ ಕಿಲೋಗೆ 150 ವ್ಯಾಟ್-ಅವರ್‌ಗೂ ಹೆಚ್ಚು ಶಕ್ತಿ ಹಿಡಿದರೆ, ಇದು ಹಿಡಿಯುವುದು ಸುಮಾರು 5ರಿಂದ 10 ಮಾತ್ರ. 2006ರಲ್ಲಿ ಚೀನಾದ ಶಾಂಘೈಯಲ್ಲಿ ಓಡತೊಡಗಿದ ಇಂಥ ಬಸ್ಸುಗಳು ದಾರಿಯ ನಿಲ್ದಾಣಗಳಲ್ಲೇ ಮತ್ತೆ ಮತ್ತೆ ಚಾರ್ಜ್ ಮಾಡಿಕೊಳ್ಳಬೇಕಾಗಿತ್ತು.

ಇದರ ವಿದ್ಯುದ್ವಾರಗಳು ಸಾಮಾನ್ಯವಾಗಿ ರಂಧ್ರಮಯ ಇಂಗಾಲದವು. ತೆಂಗಿನ ಕರಟದ ಇದ್ದಿಲಿಗೆ ಹೆಚ್ಚು ಉಷ್ಣತೆಯಲ್ಲಿ ಹಬೆ ಹಾಯಿಸಿದರೆ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳು ಮೂಡುತ್ತವೆ. ಅಂಥ ಒಂದು ಗ್ರಾಂ ಪುಡಿಯ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 1,300 ಚದರ ಮೀಟರ್ ಆದೀತು, ಅಂದರೆ ಹತ್ತು ಕಬಡ್ಡಿ ಅಂಕಣ! ದ್ರಾವಣದ ಅಯಾನುಗಳು ಬಂದು ಈ ಗೋಡೆಗಳಿಗೆ ಆತು ನಿಲ್ಲುತ್ತವೆ. ರಾಸಾಯನಿಕ ಕ್ರಿಯೆ ನಡೆಯುವುದಿಲ್ಲ. ಆದ್ದರಿಂದಲೇ ಅಷ್ಟು ವೇಗ, ಅಷ್ಟು ಬಾಳಿಕೆ.

ಲೋಹದ ಆಕ್ಸೈಡಿನ ರೀತಿಯೇ ಬೇರೆ. ಅದರ ಮೇಲ್ಪದರದಲ್ಲಿ ಎಲೆಕ್ಟ್ರಾನುಗಳ ಕೊಡುಕೊಳ್ಳುವಿಕೆಯೂ ನಡೆಯುವುದರಿಂದ ಹೆಚ್ಚು ವಿದ್ಯುದಂಶ ಹಿಡಿಯುತ್ತದೆ. ರುಥೇನಿಯಂ ಆಕ್ಸೈಡಿನ ಈ ಗುಣವನ್ನು ಟ್ರಸಾಟಿ ಮತ್ತು ಬುಜಾಂಕಾ 1971ರಲ್ಲಿ ವರದಿ ಮಾಡಿದರು. 1995ರಲ್ಲಿ ನೀರಿನಂಶವುಳ್ಳ ರುಥೇನಿಯಂ ಆಕ್ಸೈಡ್ ಗ್ರಾಂಗೆ 720 ಫ್ಯಾರಡ್ ತಲುಪಿತು. ಆದರೆ ರುಥೇನಿಯಂ ಪ್ಲಾಟಿನಂ ಬಳಗದ ಅಪರೂಪದ ಲೋಹ, ಬಲು ದುಬಾರಿ. ಹೀಗಾಗಿ ಅಗ್ಗದ ಮ್ಯಾಂಗನೀಸ್‌ನತ್ತ ಕಣ್ಣು ಹೊರಳಿತು. ಮ್ಯಾಂಗನೀಸ್ ಡೈಆಕ್ಸೈಡ್ ಇಲ್ಲಿ ಒದಗೀತೆಂದು 1999ರಲ್ಲಿ ಲೀ ಮತ್ತು ಗುಡ್‌ಇನಫ್ ತೋರಿಸಿದರು. ಲಿಥಿಯಂ ಬ್ಯಾಟರಿಗಾಗಿ 2019ರ ನೊಬೆಲ್ ಹಂಚಿಕೊಂಡ ಗುಡ್‌ಇನಫ್ ಇವರೇ. ಮ್ಯಾಂಗನೀಸ್ ಅದಿರು ನಮ್ಮ ಸಂಡೂರಿನಲ್ಲೂ ಇದೆ.

ಆದರೆ ಹಳೆಯ ತೊಡಕು ಇಲ್ಲಿಯೂ ಬಿಡಲಿಲ್ಲ. ಆಕ್ಸೈಡಿನ ಪದರ ದಪ್ಪವಾದರೆ ಮೇಲಿನ ಪೊರೆ ಮಾತ್ರ ದುಡಿಯುತ್ತದೆ, ಒಳಗಿನದು ದಂಡ. ಅದಕ್ಕೇ ಅದನ್ನು ಇಂಗಾಲದ ಗೋಡೆಗಳ ಮೇಲೆ ತೆಳುವಾಗಿ ಹಚ್ಚುತ್ತಾರೆ. ವಿಧಾನ ಸೊಗಸಾಗಿದೆ: ಪೊಟ್ಯಾಸಿಯಂ ಪರ್ಮಾಂಗನೇಟ್ ದ್ರಾವಣದಲ್ಲಿ ಇಂಗಾಲವನ್ನು ಇಟ್ಟರೆ ನೇರಳೆ ಬಣ್ಣ ಮೆಲ್ಲಗೆ ಮಾಸುತ್ತದೆ, ಇಂಗಾಲದ ಮೈಮೇಲೆ ಮ್ಯಾಂಗನೀಸ್ ಡೈಆಕ್ಸೈಡ್ ಕೂರುತ್ತದೆ.

ಎಷ್ಟು ಕೂರಬೇಕು ಎಂಬುದೇ ಪ್ರಶ್ನೆ. ಕಡಿಮೆಯಾದರೆ ಲಾಭವಿಲ್ಲ. ಹೆಚ್ಚಾದರೆ ರಂಧ್ರಗಳ ಬಾಯಿ ಕಟ್ಟಿ, ಅಯಾನುಗಳು ಒಳಗೆ ಹೋಗಲಾರವು. ಹತ್ತು ಅಂಕಣಗಳಿದ್ದೂ ಆಟಗಾರರಿಗೆ ಬಾಗಿಲು ಮುಚ್ಚಿದಂತೆ. ಪ್ರಯೋಗಶಾಲೆಗಳಲ್ಲಿ ನಡೆದಿರುವ ಹುಡುಕಾಟ ಬಹುಪಾಲು ಈ ಹದಕ್ಕಾಗಿಯೇ.